ಆಕಾಶವನ್ನು ಹೊತ್ತವನು ಪುಸ್ತಕವಾದ ಬಗೆ

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುವಾಗ ಪಠ್ಯಪುಸ್ತಕಗಳ ಜೊತೆಗೆ ಮಕ್ಕಳ ಚೀಲವನ್ನು ಸೇರುವ ಒಂದು ಅಗಲವಾದ, ತೆಳ್ಳನೆಯ ಪುಸ್ತಕವುಂಟು. ಅದರ ಹೆಸರು ಅಟ್ಲಾಸ್. ಅದೇ ಮಗು ಮೇಲಿನ ತರಗತಿಗೆ ಹೋದಾಗ ಜೀವಶಾಸ್ತ್ರದ ಪಾಠದಲ್ಲಿ ಕುತ್ತಿಗೆಯ ಒಂದು ಎಲುಬಿಗೂ ಅಟ್ಲಾಸ್ ಎಂಬ ಹೆಸರಿರುವುದನ್ನು ಕಾಣುತ್ತದೆ. ಭೂಗೋಳದ ಪಾಠದಲ್ಲಿ ಅಟ್ಲಾಸ್ ಪರ್ವತಗಳಿವೆ, ಅಟ್ಲಾಂಟಿಕ್ ಸಾಗರವಿದೆ. ಮನೆಯ ಹಿರಿಯರನ್ನು ಕೇಳಿದರೆ ಅವರಿಗೆ ನೆನಪಾಗುವುದು ಅಟ್ಲಾಸ್ ಸೈಕಲ್ಲು. ಒಂದೇ ಹೆಸರು ಇಷ್ಟು ಕಡೆ ಹೇಗೆ ಹರಡಿತು? ಪುಸ್ತಕಕ್ಕೂ ಎಲುಬಿಗೂ ಬೆಟ್ಟಕ್ಕೂ ಇರುವ ನಂಟು ಯಾವುದು?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಮುಂದೊಂದು ದಿನ ವಿಜ್ಞಾನದ ನೂರಾರು ಪರಕೀಯ ಪದಗಳನ್ನು ಎದುರಿಸಬೇಕಾಗುತ್ತದೆ. ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ಪದ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಅದರ ಕತೆ ತಿಳಿದರೆ ಅದೇ ಗೋಡೆಯಲ್ಲಿ ಬಾಗಿಲೊಂದು ತೆರೆಯುತ್ತದೆ. ಅಂತಹ ಪದಗಳಲ್ಲಿ ಕೆಲವಕ್ಕೆ ನಮ್ಮ ಮನೆಮಾತಿನಲ್ಲಿಯೇ ಬಂಧುಗಳಿರುವುದೂ ಉಂಟು. ಅಟ್ಲಾಸ್ ಅಂತಹದೊಂದು ಪದ.

ಗ್ರೀಕರು ಹೇಳಿದ ಕತೆ

ಅಟ್ಲಾಸ್ ಎಂಬುವನು ಗ್ರೀಕ್ ಪುರಾಣಗಳಲ್ಲಿ ಬರುವ ಟೈಟನ್ ಎಂಬ ಆದಿದೈವಗಳ ಕುಲಕ್ಕೆ ಸೇರಿದವನು. ಕ್ರಿಸ್ತಪೂರ್ವ 700ರ ಸುಮಾರಿನ ಕವಿ ಹೆಸಿಯಡ್ ತನ್ನ ‘ಥಿಯೊಗನಿ’ ಕಾವ್ಯದಲ್ಲಿ ಅವನ ವಂಶವನ್ನು ಹೇಳಿದ್ದಾನೆ. ತಂದೆ ಇಯಾಪೆಟಸ್, ತಾಯಿ ಸಾಗರಪುತ್ರಿ ಕ್ಲೈಮೆನೆ. ಮನುಷ್ಯರಿಗೆ ಬೆಂಕಿಯನ್ನು ತಂದುಕೊಟ್ಟ ಪ್ರೊಮಿಥಿಯಸ್ ಅವನ ಸೋದರ. ಭೂಮಿಯ ಪಶ್ಚಿಮದ ಅಂಚಿನಲ್ಲಿ ನಿಂತು ತಲೆಯಿಂದಲೂ ದಣಿವರಿಯದ ಕೈಗಳಿಂದಲೂ ವಿಶಾಲವಾದ ಆಕಾಶವನ್ನು ಎತ್ತಿ ಹಿಡಿಯುವುದು ದೇವರಾಜ ಝ್ಯೂಸ್ ಅವನಿಗೆ ಹಂಚಿದ ಪಾಲು. ಟೈಟನ್ನರಿಗೂ ಝ್ಯೂಸನ ಪಕ್ಷಕ್ಕೂ ನಡೆದ ಮಹಾಯುದ್ಧದಲ್ಲಿ ಸೋತ ಪಕ್ಷದ ನಾಯಕನಾಗಿದ್ದುದರಿಂದ ಅವನಿಗೆ ಈ ಶಿಕ್ಷೆ ಬಂದಿತೆಂದು ನಂತರದ ಕತೆಗಾರರು ವಿವರಿಸಿದರು.

ಹೋಮರನ ‘ಒಡಿಸ್ಸಿ’ಯಲ್ಲಿ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಅಟ್ಲಾಸ್ ಸಮುದ್ರದ ಆಳಗಳನ್ನೆಲ್ಲ ಬಲ್ಲವನು. ಭೂಮಿಯನ್ನೂ ಆಕಾಶವನ್ನೂ ಬೇರ್ಪಡಿಸುವ ಎತ್ತರದ ಕಂಬಗಳನ್ನು ನೋಡಿಕೊಳ್ಳುವವನು. ಹೀಗೆ ಅತ್ಯಂತ ಹಳೆಯ ಎರಡು ಮೂಲಗಳಲ್ಲಿಯೇ ಅವನಿಗೆ ಎರಡು ಗುಣಗಳಿವೆ: ಒಂದು ಹೊರುವ ಬಲ, ಇನ್ನೊಂದು ತಿಳಿವು. ಮುಂದೆ ಈ ಹೆಸರು ಪಡೆದ ಅರ್ಥಗಳಲ್ಲಿ ಬಹುಪಾಲು ಈ ಎರಡು ಕವಲುಗಳಲ್ಲಿ ಒಂದಕ್ಕೆ ಸೇರುತ್ತವೆ.

ಮಕ್ಕಳಿಗೆ ಹೇಳಲು ತಕ್ಕ ಕತೆಯೆಂದರೆ ಹೆರಾಕ್ಲೀಸನದು. ರೋಮನ್ನರು ಇವನನ್ನು ಹರ್ಕ್ಯುಲಿಸ್ ಎಂದರು. ಹೆಸ್ಪೆರಿಡೀಸ್ ಎಂಬ ಕನ್ಯೆಯರ ತೋಟದಿಂದ ಚಿನ್ನದ ಸೇಬುಗಳನ್ನು ತರುವುದು ಅವನಿಗೆ ವಿಧಿಸಿದ ಸಾಹಸಗಳಲ್ಲೊಂದು. ಅಟ್ಲಾಸನು ಹೋಗಿ ತರುವುದಾದರೆ ಅಷ್ಟು ಹೊತ್ತು ಆಕಾಶವನ್ನು ತಾನು ಹೊರುವುದಾಗಿ ಹೆರಾಕ್ಲೀಸ್ ಒಪ್ಪಿದ. ಸೇಬು ತಂದ ಅಟ್ಲಾಸನಿಗೆ ಬಿಡುಗಡೆಯ ರುಚಿ ಹತ್ತಿತ್ತು. ಸೇಬುಗಳನ್ನು ತಾನೇ ಒಯ್ದು ಕೊಡುತ್ತೇನೆ, ನೀನು ಹೀಗೆಯೇ ಹೊತ್ತಿರು ಎಂದ. ಹೆರಾಕ್ಲೀಸ್ ಜಗಳವಾಡಲಿಲ್ಲ. ಆಗಲಿ, ಆದರೆ ತಲೆಗೆ ಒಂದು ಸಿಂಬೆಯನ್ನು ಇಟ್ಟುಕೊಳ್ಳುವವರೆಗೆ ಒಂದು ಕ್ಷಣ ಹಿಡಿದುಕೋ ಎಂದ. ಅಟ್ಲಾಸ್ ಹಿಡಿದ, ಹೆರಾಕ್ಲೀಸ್ ಸೇಬುಗಳೊಂದಿಗೆ ಹೊರಟೇಹೋದ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಒಲಿಂಪಿಯಾದಲ್ಲಿ ಕಟ್ಟಿದ ಝ್ಯೂಸ್ ದೇವಾಲಯದ ಶಿಲ್ಪಫಲಕವೊಂದರಲ್ಲಿ ಈ ಪ್ರಸಂಗವಿದೆ. ಮೆತ್ತೆಯಿಟ್ಟುಕೊಂಡು ಭಾರ ಹೊತ್ತ ಹೆರಾಕ್ಲೀಸ್, ಹಿಂದಿನಿಂದ ಕೈನೀಡುವ ಅಥೀನಾ ದೇವಿ, ಸೇಬು ಹಿಡಿದು ಎದುರಿಗೆ ನಿಂತ ಅಟ್ಲಾಸ್. ಹೊರೆ ಹೊರುವವರಿಗೆ ಸಿಂಬೆ ಬೇಕೆಂಬುದು ಎರಡೂವರೆ ಸಾವಿರ ವರ್ಷಗಳ ಹಿಂದಿನ ಗ್ರೀಕ್ ಶಿಲ್ಪಿಗೂ ಗೊತ್ತಿತ್ತು.

ಭೂಮಿಯಲ್ಲ, ಆಕಾಶ

ಅಟ್ಲಾಸ್ ಯಾರೆಂದು ಕೇಳಿದರೆ ಬಹುಮಂದಿ ಭೂಮಿಯನ್ನು ಹೆಗಲ ಮೇಲೆ ಹೊತ್ತವನು ಎನ್ನುತ್ತಾರೆ. ಮೂಲಕತೆಯಲ್ಲಿ ಅವನು ಹೊತ್ತದ್ದು ಭೂಮಿಯನ್ನಲ್ಲ, ಆಕಾಶವನ್ನು. ಈ ತಪ್ಪು ತಿಳಿವಳಿಕೆಗೆ ಪ್ರತಿಮೆಗಳೂ ಒಂದು ಕಾರಣ. ಇಟಲಿಯ ನೇಪಲ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿ ‘ಫಾರ್ನೀಸ್ ಅಟ್ಲಾಸ್’ ಎಂಬ ಪ್ರಸಿದ್ಧ ಅಮೃತಶಿಲೆಯ ಪ್ರತಿಮೆಯಿದೆ. ಕ್ರಿಸ್ತಶಕ ಎರಡನೆಯ ಶತಮಾನದ ಈ ರೋಮನ್ ಶಿಲ್ಪದಲ್ಲಿ ಅಟ್ಲಾಸ್ ಮೊಣಕಾಲೂರಿ ದೊಡ್ಡ ಗೋಳವೊಂದನ್ನು ಹೊತ್ತಿದ್ದಾನೆ. ಗೋಳವೆಂದೊಡನೆ ನಮಗೆ ಭೂಗೋಳ ನೆನಪಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ಖಂಡಗಳಿಲ್ಲ, ನಕ್ಷತ್ರಪುಂಜಗಳಿವೆ. ಅದು ಖಗೋಳ.

ನಮ್ಮ ಕಡೆಯ ಮಕ್ಕಳಿಗೆ ಈ ಗೊಂದಲ ಇನ್ನಷ್ಟು ಸಹಜ. ನಮ್ಮ ಪುರಾಣಗಳಲ್ಲಿ ಹೊರೆಯೆಂದರೆ ಭೂಮಿಯೇ. ಹೆಡೆಯ ಮೇಲೆ ಭೂಮಿಯನ್ನು ಹೊತ್ತವನು ಆದಿಶೇಷ, ಎಂಟು ದಿಕ್ಕುಗಳಲ್ಲಿ ಆನಿಕೊಂಡಿರುವವು ಅಷ್ಟದಿಗ್ಗಜಗಳು. ಭೂಮಿ ಕೆಳಗೆ ಬೀಳದಿರುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಟ್ಟಿತು. ಆಕಾಶ ಮೇಲಿಂದ ಕುಸಿಯದಿರುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಹುಟ್ಟಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಿದರೆ ಮಗು ಎರಡನ್ನೂ ಮರೆಯುವುದಿಲ್ಲ.

ಬೆಟ್ಟವೂ ಸಮುದ್ರವೂ

ವ್ಯಕ್ತಿಯ ಹೆಸರು ಬೆಟ್ಟಕ್ಕೆ ಬಂದುದಕ್ಕೆ ಎರಡು ದಾರಿಗಳಿವೆ. ಒಂದು ಪುರಾಣದ ದಾರಿ. ರೋಮನ್ ಕವಿ ಓವಿಡ್ ಹೇಳುವಂತೆ, ಆಶ್ರಯ ಕೇಳಿ ಬಂದ ವೀರ ಪರ್ಸಿಯಸನನ್ನು ಅಟ್ಲಾಸ್ ಹೊರದೂಡಲೆತ್ನಿಸಿದ. ಪರ್ಸಿಯಸ್ ತನ್ನಲ್ಲಿದ್ದ ಮೆಡೂಸಾಳ ತಲೆಯನ್ನು ತೋರಿಸಿದ. ಅದನ್ನು ಕಂಡವರು ಕಲ್ಲಾಗುತ್ತಿದ್ದರು. ಅಟ್ಲಾಸನ ಗಡ್ಡ ಮತ್ತು ಕೂದಲು ಕಾಡಾಯಿತು, ಹೆಗಲು ಬೆಟ್ಟದ ಸಾಲಾಯಿತು, ಎಲುಬು ಬಂಡೆಯಾಯಿತು.

ಇನ್ನೊಂದು ಇತಿಹಾಸದ ದಾರಿ. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸ್ ಉತ್ತರ ಆಫ್ರಿಕದ ಅಟ್ಲಾಸ್ ಎಂಬ ಬೆಟ್ಟವನ್ನು ವರ್ಣಿಸಿ, ಅದರ ತುದಿ ಎಂದೂ ಮೋಡದಿಂದ ಹೊರಗೆ ಕಾಣುವುದಿಲ್ಲವೆಂದೂ ಅಲ್ಲಿಯವರು ಅದನ್ನು ಆಕಾಶದ ಕಂಬವೆಂದು ಕರೆಯುತ್ತಾರೆಂದೂ ಬರೆದಿದ್ದಾನೆ. ಇಂದು ಮೊರಾಕೊ, ಅಲ್ಜೀರಿಯಾ, ಟ್ಯುನೀಷಿಯಾ ದೇಶಗಳಲ್ಲಿ ಹಬ್ಬಿರುವ ಅಟ್ಲಾಸ್ ಶ್ರೇಣಿಯ ಅತ್ಯುನ್ನತ ಶಿಖರ ತುಬ್ಕಾಲ್. ಅದರ ಎತ್ತರ 4,167 ಮೀಟರು. ಅಲ್ಲಿನ ಮೂಲನಿವಾಸಿಗಳಾದ ಬರ್ಬರರ ಭಾಷೆಯಲ್ಲಿ ಬೆಟ್ಟಕ್ಕೆ ‘ಅದ್ರಾರ್’ ಎನ್ನುತ್ತಾರೆ. ಗ್ರೀಕರು ಈ ಸ್ಥಳೀಯ ಪದವನ್ನು ಕೇಳಿ ತಮಗೆ ಪರಿಚಿತವಾದ ಪುರಾಣಪುರುಷನ ಹೆಸರಿಗೆ ಹೊಂದಿಸಿಕೊಂಡಿರಬಹುದೆಂದು ಊಹಿಸಿದ ವಿದ್ವಾಂಸರಿದ್ದಾರೆ.

ಬೆಟ್ಟದ ಆಚೆಗಿನ ಕಡಲು ‘ಅಟ್ಲಾಸನ ಕಡಲು’ ಆಯಿತು. ಹೆರೊಡೋಟಸನಲ್ಲಿಯೇ ಈ ಹೆಸರು ಕಾಣುತ್ತದೆ. ಅದೇ ಇಂದಿನ ಅಟ್ಲಾಂಟಿಕ್. ಪ್ಲೇಟೋ ತನ್ನ ‘ಕ್ರಿಟಿಯಾಸ್’ ಸಂವಾದದಲ್ಲಿ ಹೇಳಿದ, ಸಮುದ್ರದಲ್ಲಿ ಮುಳುಗಿದ ದ್ವೀಪ ಅಟ್ಲಾಂಟಿಸ್‌ಗೂ ಅಟ್ಲಾಸ್ ಎಂಬ ದೊರೆಯಿಂದಲೇ ಹೆಸರು ಬಂದಿತೆಂದಿದೆ. ಆದರೆ ಆತ ಟೈಟನ್ ಅಲ್ಲ. ಸಮುದ್ರದೇವ ಪೊಸೈಡನ್ನನ ಮಗ. ಹೆಸರು ಒಂದಾದರೆ ವ್ಯಕ್ತಿ ಒಬ್ಬನೇ ಆಗಬೇಕಿಲ್ಲ.

ಪುಸ್ತಕಕ್ಕೆ ಹೆಸರಿಟ್ಟವನು

ನಕಾಶೆಗಳ ಪುಸ್ತಕಕ್ಕೆ ಈ ಹೆಸರನ್ನು ಕೊಟ್ಟವನು ಗೆರಾರ್ಡಸ್ ಮರ್ಕೇಟರ್. ಇಂದಿನ ಬೆಲ್ಜಿಯಂ ದೇಶದಲ್ಲಿ 1512ರಲ್ಲಿ ಹುಟ್ಟಿ, ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ನೆಲೆಸಿ, 1569ರಲ್ಲಿ ನಾವಿಕರಿಗೆಂದು ಪ್ರಸಿದ್ಧವಾದ ವಿಶ್ವನಕಾಶೆಯನ್ನು ರಚಿಸಿದವನು. ನಕಾಶೆಗಳನ್ನು ಒಂದೇ ಅಳತೆಯಲ್ಲಿ ಸಂಪುಟವಾಗಿ ಪ್ರಕಟಿಸಿದವರಲ್ಲಿ ಅವನೇ ಮೊದಲಿಗನಲ್ಲ. ಅವನ ಗೆಳೆಯ ಅಬ್ರಹಾಂ ಆರ್ಟೀಲಿಯಸ್ 1570ರಲ್ಲಿಯೇ ಆಂಟ್‌ವರ್ಪ್ ನಗರದಲ್ಲಿ ಅಂತಹ ಪುಸ್ತಕವನ್ನು ಹೊರತಂದಿದ್ದ. ಆದರೆ ಅದರ ಹೆಸರಿನ ಅರ್ಥ ‘ಭೂಮಂಡಲದ ರಂಗಭೂಮಿ’ ಎಂದು. ಮರ್ಕೇಟರನ ಸಂಪುಟಕ್ಕೆ ‘ಅಟ್ಲಾಸ್’ ಎಂಬ ಹೆಸರಿತ್ತು. 1594ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಮರುವರ್ಷ, 1595ರಲ್ಲಿ, ಮಗ ರುಮೊಲ್ಡ್ ಅದನ್ನು ಪ್ರಕಟಿಸಿದ.

ಇಲ್ಲಿಯೂ ಒಂದು ಬೆರಗು ಇದೆ. ಮರ್ಕೇಟರನ ಮನಸ್ಸಿನಲ್ಲಿದ್ದುದು ಶಿಕ್ಷೆಗೊಳಗಾದ ದೈತ್ಯನಲ್ಲ. ಉತ್ತರ ಆಫ್ರಿಕದ ಮೌರಿಟೇನಿಯಾದಲ್ಲಿ ಆಳಿದನೆಂದು ಹೇಳಲಾದ ಅಟ್ಲಾಸ್ ಎಂಬ ವಿದ್ವಾಂಸ ದೊರೆ: ತತ್ತ್ವಜ್ಞಾನಿ, ಗಣಿತಜ್ಞ, ಖಗೋಳವನ್ನು ಮೊದಲು ರಚಿಸಿದವನು. ಕ್ರಿಸ್ತಪೂರ್ವ ಮೊದಲ ಶತಮಾನದ ಇತಿಹಾಸಕಾರ ಡಿಯೊಡೋರಸ್ ಈ ಕತೆಯನ್ನು ಆಗಲೇ ಹೇಳಿದ್ದ. ಆಕಾಶವನ್ನು ಅರಿತವನಾದುದರಿಂದಲೇ ಜನರು ಅವನನ್ನು ಆಕಾಶ ಹೊತ್ತವನೆಂದು ಕರೆದರು ಎಂಬುದು ಡಿಯೊಡೋರಸನ ವಿವರಣೆ. ಮರ್ಕೇಟರನ ಪುಸ್ತಕದ ಮುಖಪುಟದಲ್ಲಿ ಅಟ್ಲಾಸ್ ಭಾರದಿಂದ ಬಾಗಿಲ್ಲ; ಗೋಳವು ಅವನ ಕೈಯಲ್ಲಿದೆ, ಬೆನ್ನ ಮೇಲಿಲ್ಲ. ಹಾಗಾಗಿ ನಮ್ಮ ಮಕ್ಕಳ ಚೀಲದಲ್ಲಿರುವ ಅಟ್ಲಾಸ್ ಹೊರುವವನ ಹೆಸರಲ್ಲ, ಅರಿತವನ ಹೆಸರು.

1604ರಲ್ಲಿ ಮರ್ಕೇಟರನ ಮುದ್ರಣ ಫಲಕಗಳನ್ನು ಯೊಡೋಕಸ್ ಹೊಂಡಿಯಸ್ ಕೊಂಡುಕೊಂಡ. 1606ರಿಂದ ಅವನು ಹೊರಡಿಸಿದ ಆವೃತ್ತಿಗಳು ಯುರೋಪಿನಲ್ಲೆಲ್ಲ ಹರಡಿದವು. ಒಂದು ಪುಸ್ತಕದ ಅಂಕಿತನಾಮವಾಗಿದ್ದುದು ಆ ಬಗೆಯ ಪುಸ್ತಕಗಳಿಗೆಲ್ಲ ರೂಢನಾಮವಾಯಿತು. ಈಗ ಭೂಮಿಯದಲ್ಲದ ಅಟ್ಲಾಸ್‌ಗಳೂ ಇವೆ. ದೇಹರಚನೆಯ ಅಟ್ಲಾಸ್ ಇದೆ, ನಕ್ಷತ್ರಗಳ ಅಟ್ಲಾಸ್ ಇದೆ. ಅಳಿವಿನಂಚಿನ ಭಾಷೆಗಳ ಬಗ್ಗೆ ಯುನೆಸ್ಕೊ ಪ್ರಕಟಿಸಿದ ಅಟ್ಲಾಸ್ ಕೂಡ ಇದೆ; ನೀಲಗಿರಿಯ ತೋಡ ಮತ್ತು ಕೋತ ಭಾಷೆಗಳ ಹೆಸರುಗಳು ಅದರಲ್ಲಿವೆ.

ಕುತ್ತಿಗೆಯಿಂದ ಕೃತ್ತಿಕೆಯವರೆಗೆ

ಮನುಷ್ಯನ ಕುತ್ತಿಗೆಯಲ್ಲಿ ಏಳು ಕಶೇರುಕಗಳಿವೆ. ಮೊದಲನೆಯದರ ಹೆಸರು ಅಟ್ಲಾಸ್. ಗೋಳಾಕಾರದ ತಲೆಯನ್ನು ಅದು ಹೊತ್ತಿರುವುದರಿಂದ ಈ ಹೆಸರು. ಉಳಿದ ಕಶೇರುಕಗಳಿಗಿರುವಂತೆ ಅದಕ್ಕೆ ನಡುವಿನ ದಪ್ಪ ಭಾಗವಿಲ್ಲ, ಬಳೆಯಂತಹ ಆಕಾರ. ಹೌದು ಎಂದು ನಾವು ತಲೆಯಾಡಿಸುವಾಗ ತಲೆಬುರುಡೆ ಈ ಬಳೆಯ ಮೇಲೆ ಹಿಂದುಮುಂದಾಗಿ ತೂಗುತ್ತದೆ. ಅಲ್ಲ ಎಂದು ಆಡಿಸುವಾಗ ತಲೆಯ ಜೊತೆಗೆ ಈ ಬಳೆಯೇ ಕೆಳಗಿನ ‘ಆಕ್ಸಿಸ್’ ಎಂಬ ಎರಡನೆಯ ಕಶೇರುಕದ ಗೂಟದ ಸುತ್ತ ತಿರುಗುತ್ತದೆ.

ಕಟ್ಟಡಗಳಲ್ಲಿ ಕಂಬದ ಬದಲಿಗೆ ಭಾರ ಹೊತ್ತು ನಿಂತ ಪುರುಷಶಿಲ್ಪಗಳನ್ನು ಗ್ರೀಕರು ‘ಅಟ್ಲಾಂಟಿಸ್’ ಎಂಬ ಬಹುವಚನದಿಂದ ಕರೆದರು; ಇದು ಮುಳುಗಿದ ದ್ವೀಪದ ಹೆಸರಲ್ಲ, ‘ಅಟ್ಲಾಸರು’ ಎಂಬ ಅರ್ಥದ ಬೇರೆ ರೂಪ. ರೋಮನ್ನರು ಅದೇ ಶಿಲ್ಪಗಳನ್ನು ‘ಟೆಲಮೋನ್’ ಎಂದರೆಂದು ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಬರೆದಿದ್ದಾನೆ.

ಪಶ್ಚಿಮಘಟ್ಟದ ಮಡಿಲಿನಲ್ಲಿ ವಾಸಿಸುವ ಓದುಗರು ಈ ಹೆಸರನ್ನು ಹಾರುವ ರೂಪದಲ್ಲಿಯೂ ಕಂಡಿರಬಹುದು. ಅಂಗೈಗಿಂತ ಅಗಲವಾದ, ಕೆಂಗಂದು ಬಣ್ಣದ, ರೆಕ್ಕೆಯ ತುದಿ ಹಾವಿನ ಹೆಡೆಯಂತೆ ತೋರುವ ಅಟ್ಲಾಸ್ ಪತಂಗ ಅದು. ಈ ಹೆಸರನ್ನು 1758ರಲ್ಲಿ ಕೊಟ್ಟವನು ಲಿನೀಯಸ್. ದಕ್ಷಿಣ ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಇರುವ ಪ್ರಭೇದವನ್ನು ವಿಜ್ಞಾನಿಗಳು ಈಗ ಬೇರೆಯಾಗಿ ಗುರುತಿಸಿ, ಲಂಕೆಯ ಹಳೆಯ ಗ್ರೀಕ್ ಹೆಸರಾದ ‘ತಪ್ರೊಬನೆ’ಯನ್ನು ಅದಕ್ಕೆ ಸೇರಿಸಿದ್ದಾರೆ. ಇಷ್ಟು ದೊಡ್ಡ ಜೀವಿಗೆ ಉಣ್ಣುವ ಬಾಯಿಯಿಲ್ಲ. ಹುಳುವಾಗಿದ್ದಾಗ ತಿಂದದ್ದರ ಬಲದಿಂದಲೇ ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ.

ಆಕಾಶ ಹೊತ್ತವನಿಗೆ ಆಕಾಶದಲ್ಲಿಯೂ ಜಾಗವಿದೆ. ನಾವು ಕೃತ್ತಿಕೆ ಎನ್ನುವ ನಕ್ಷತ್ರಗುಚ್ಛವನ್ನು ಗ್ರೀಕರು ಅಟ್ಲಾಸನ ಏಳು ಹೆಣ್ಣುಮಕ್ಕಳೆಂದು ಕಂಡರು. ಪಕ್ಕದ ಒಂದು ನಕ್ಷತ್ರ ಅಟ್ಲಾಸ್, ಅದರ ಬದಿಯದು ತಾಯಿ ಪ್ಲಿಯೊನೆ. ನಮ್ಮ ಕತೆಯಲ್ಲಿ ಅದೇ ಗುಚ್ಛ ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರು. 1980ರಲ್ಲಿ ವಾಯೇಜರ್ ನೌಕೆಯ ಚಿತ್ರಗಳಲ್ಲಿ ಪತ್ತೆಯಾದ ಶನಿಯ ಪುಟ್ಟ ಉಪಗ್ರಹವೊಂದಕ್ಕೂ ಈ ಹೆಸರನ್ನಿಟ್ಟರು. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಆದುದು ಅಟ್ಲಾಸ್ ಎಂಬ ರಾಕೆಟ್ಟಿನ ಬಲದಿಂದ.

ತುಲಾಭಾರದ ಬಂಧು

ಇನ್ನು ಪದದ ಬೇರಿನ ಮಾತು. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೊದಲಾದವು ಒಂದೇ ಪ್ರಾಚೀನ ಭಾಷಾಮೂಲದಿಂದ ಕವಲೊಡೆದವೆಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಆ ಮೂಲದಲ್ಲಿ ಎತ್ತು, ಹೊರು, ತಾಳು ಎಂಬ ಅರ್ಥದ ‘ತೆಲ್’ ಎಂಬಂತಹ ಧಾತುವಿತ್ತು. ಅಟ್ಲಾಸ್ ಎಂದರೆ ‘ಹೊರುವವನು’ ಎಂದು, ಈ ಧಾತುವಿನಿಂದಲೇ ಬಂದುದೆಂದು ಬಹುಕಾಲದಿಂದ ವಿವರಿಸುತ್ತ ಬಂದಿದ್ದಾರೆ. ಗ್ರೀಕರು ಆ ನಾಡಿಗೆ ಬರುವ ಮೊದಲೇ ಅಲ್ಲಿದ್ದ ಜನರ ಭಾಷೆಯ ಹೆಸರಿದು ಎನ್ನುವ ವಿದ್ವಾಂಸರೂ ಇದ್ದಾರೆ. ಮೊದಲ ವಿವರಣೆಯನ್ನು ಒಪ್ಪಿದರೆ ಈ ಪದದ ನೆಂಟರು ನಮ್ಮ ಮನೆಯೊಳಗೇ ಇದ್ದಾರೆ.

ಅದೇ ಧಾತುವಿನಿಂದ ಸಂಸ್ಕೃತದಲ್ಲಿ ‘ತುಲಾ’ ಎಂದರೆ ತಕ್ಕಡಿ ಎಂಬ ಪದ ಹುಟ್ಟಿತು. ತುಲಾರಾಶಿ, ತುಲಾಭಾರ, ತುಲನೆ ಎಲ್ಲವೂ ಅದರ ಸಂತತಿ. ಹಂಪಿಯ ವಿಜಯವಿಠ್ಠಲ ದೇವಾಲಯದ ಸಮೀಪದಲ್ಲಿರುವ ಕಲ್ಲಿನ ತುಲಾಭಾರವೂ ಬಂಗಾರವನ್ನು ಅಳೆಯುವ ‘ತೊಲ’ವೂ ಈ ಬಳಗಕ್ಕೆ ಸೇರಿದವು. ಗ್ರೀಕಿನಲ್ಲಿ ತಕ್ಕಡಿಗೆ ‘ತಾಲಂತೊನ್’ ಎಂದರು. ಅದು ಒಂದು ತೂಕದ ಹೆಸರೂ ಅಷ್ಟು ತೂಕದ ಹಣದ ಹೆಸರೂ ಆಯಿತು. ಬೈಬಲಿನ ಮತ್ತಾಯನ ಸುವಾರ್ತೆಯ ಒಂದು ಸಾಮತಿಯಲ್ಲಿ ಒಡೆಯನು ಸೇವಕರಿಗೆ ಈ ಹಣವನ್ನು ಒಪ್ಪಿಸುತ್ತಾನೆ. ಒಬ್ಬನು ಅದನ್ನು ಬಳಸದೆ ನೆಲದಲ್ಲಿ ಹೂತಿಡುತ್ತಾನೆ. ಆ ಕತೆಯಿಂದಾಗಿ ಅದೇ ಪದಕ್ಕೆ ದೇವರು ಕೊಟ್ಟ ಸಾಮರ್ಥ್ಯ ಎಂಬ ಅರ್ಥ ಬಂದು, ಇಂಗ್ಲಿಷಿನ ‘ಟ್ಯಾಲೆಂಟ್’ ಆಯಿತು. ಮಕ್ಕಳು ಬರೆಯುವ ಟ್ಯಾಲೆಂಟ್ ಪರೀಕ್ಷೆಗೂ ಅಜ್ಜಿ ಹರಕೆ ಹೊತ್ತ ತುಲಾಭಾರಕ್ಕೂ ಹೀಗೊಂದು ರಕ್ತಸಂಬಂಧ.

ಆದರೆ ಹೋಲುವುದೆಲ್ಲ ಬಂಧುವಲ್ಲ. ‘ತೂಕ’ವು ‘ತುಲಾ’ದಂತೆಯೇ ಕೇಳಿಸಿದರೂ ಅದು ‘ತೂಗು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದದ್ದು. ಅದರ ನೆಂಟರು ತಮಿಳು, ಮಲಯಾಳಗಳಲ್ಲಿದ್ದಾರೆ. ‘ಅತುಲ’ ಎಂಬ ಸಂಸ್ಕೃತ ಪದ ನೋಡಲು ಅಟ್ಲಾಸಿನಂತಿದ್ದರೂ ಅದರ ಅಕಾರ ನಿಷೇಧಾರ್ಥದ್ದು: ತುಲನೆಯಿಲ್ಲದ್ದು. ಹಿಂದಿ, ಉರ್ದುಗಳಲ್ಲಿ ನಯವಾದ ರೇಷ್ಮೆ ಬಟ್ಟೆಗೆ ‘ಅತ್ಲಸ್’ ಎನ್ನುತ್ತಾರೆ. ಅದು ನುಣುಪಾದದ್ದು ಎಂಬ ಅರ್ಥದ ಅರಬ್ಬಿ ಪದ. ಟೈಟನ್ನಿಗೂ ಅದಕ್ಕೂ ನಂಟಿಲ್ಲ. ಪದಗಳ ವಂಶವನ್ನು ಹುಡುಕುವಾಗ ಮುಖದ ಹೋಲಿಕೆ ಸಾಲದು, ಮನೆತನದ ದಾಖಲೆ ಬೇಕು.

ಗಡಿಯಲ್ಲಿ ನಿಂತವರ ಲಾಭ

ಕೊನೆಯದಾಗಿ, ಅಟ್ಲಾಸಿನ ಒಳಗಿರುವ ಹಾಳೆಗೆ ನಾವು ಏನೆನ್ನುತ್ತೇವೆ? ಕನ್ನಡದಲ್ಲಿ ಎರಡು ಮಾತುಗಳಿವೆ: ಭೂಪಟ ಮತ್ತು ನಕಾಶೆ. ಕಾಸರಗೋಡಿನ ಮಗು ನೆರೆಯ ಮಲಯಾಳಿ ಗೆಳೆಯನ ಬಾಯಲ್ಲಿ ‘ಭೂಪಟಂ’ ಎಂದು ಕೇಳುತ್ತದೆ. ಆದವಾನಿಯ ಮಗು ತೆಲುಗಿನಲ್ಲಿ ‘ಪಟಂ’ ಎಂದು ಕೇಳುತ್ತದೆ, ತಾಳವಾಡಿಯ ಮಗು ತಮಿಳಿನಲ್ಲಿ ‘ವರೈಪಡಂ’ ಎಂದು. ಸೊಲ್ಲಾಪುರ, ಜತ್ತಗಳ ಮಗುವಿಗೆ ಮರಾಠಿಯ ‘ನಕಾಶಾ’ ಪರಿಚಿತ. ಅದರ ಮೂಲ ಅರಬ್ಬಿ. ಪಟವೆಂದರೆ ಸಂಸ್ಕೃತದಲ್ಲಿ ಬಟ್ಟೆ, ಚಿತ್ರ ಬರೆದ ಬಟ್ಟೆ. ಇಂಗ್ಲಿಷಿನ ‘ಮ್ಯಾಪ್’ ಎಂಬುದರ ಮೂಲವಾದ ಲ್ಯಾಟಿನ್ ‘ಮಪ್ಪ’ ಎಂಬುದಕ್ಕೂ ಬಟ್ಟೆ ಎಂದೇ ಅರ್ಥ. ದೂರದ ಎರಡು ನಾಡುಗಳ ಜನರು ಒಬ್ಬರನ್ನೊಬ್ಬರು ಕೇಳದೆ ಒಂದೇ ಬಗೆಯಲ್ಲಿ ಹೆಸರಿಟ್ಟರು.

1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಬದಲಾದಾಗ ಭೂಪಟದ ಹಾಳೆಯೂ ಬದಲಾಯಿತು. ಗೆರೆಯ ಈಚೆ ಉಳಿದ ಮನೆಗಳ ಮಾತು ಬದಲಾಗಲಿಲ್ಲ. ಗೆರೆಯ ಬಳಿ ವಾಸಿಸುವವರಿಗೆ ಕಷ್ಟಗಳಿವೆ: ಶಿಕ್ಷಕರ ಕೊರತೆ, ಪುಸ್ತಕಗಳ ವಿಳಂಬ, ಕನ್ನಡದಲ್ಲಿ ಓದಿದರೆ ಮುಂದೇನೆಂಬ ಹೆತ್ತವರ ಆತಂಕ. ಆದರೆ ಒಂದು ಲಾಭವೂ ಇದೆ. ಒಂದು ವಸ್ತುವಿಗೆ ಎರಡು ಮೂರು ಹೆಸರುಗಳನ್ನು ಸಹಜವಾಗಿ ಕೇಳಿ ಬೆಳೆಯುವ ಮಗು, ಹೆಸರು ಬೇರೆ, ವಸ್ತು ಬೇರೆ ಎಂಬುದನ್ನು ಬೇಗ ಅರಿಯುತ್ತದೆ. ಹೊಸ ಪದ ಬಂದಾಗ ಹೆದರದೆ, ಇದು ಯಾವ ಮನೆಯದು ಎಂದು ಕೇಳಬಲ್ಲುದು.

ಈ ವಾರ ಮಗುವಿನ ಅಟ್ಲಾಸನ್ನು ಒಮ್ಮೆ ಜೊತೆಗೆ ಕುಳಿತು ತೆರೆಯಿರಿ. ಆಫ್ರಿಕದ ವಾಯವ್ಯದಲ್ಲಿ ಆ ಹೆಸರಿನ ಬೆಟ್ಟವನ್ನು, ಪಕ್ಕದಲ್ಲಿ ಆ ಹೆಸರಿನ ಸಾಗರವನ್ನು ಹುಡುಕಲಿ. ಕುತ್ತಿಗೆಯ ಹಿಂಬದಿಯಲ್ಲಿ, ತಲೆಬುರುಡೆ ಮುಗಿಯುವಲ್ಲಿ ಕೈಯಿಟ್ಟು, ಆ ಹೆಸರಿನ ಎಲುಬು ಒಳಗೆ ಎಲ್ಲಿರಬಹುದೆಂದು ಊಹಿಸಲಿ. ರಾತ್ರಿ ಮೋಡವಿಲ್ಲದ ದಿನ ಕೃತ್ತಿಕೆಯನ್ನು ತೋರಿಸಿ. ಪಾಠಗಳ ಹೊರೆಯನ್ನು ಹೆತ್ತವರು ಇಳಿಸಲಾರರು. ಅದನ್ನು ಮಗುವೇ ಹೊರಬೇಕು. ಆದರೆ ಬರಿಯ ತಲೆಯ ಮೇಲೆ ಹೊರಬೇಕಾಗಿಲ್ಲ. ಪದದ ಹಿಂದಿನ ಅರ್ಥವನ್ನು ಮನೆಮಾತಿನಲ್ಲಿ ತಿಳಿಸಿಕೊಟ್ಟರೆ, ಅದೇ ಸಿಂಬೆ.